ಒಂಟಿತನಕ್ಕೆ ಹತ್ತು ಅಂಕ

12 ಮಾರ್ಚ್ 2025, ಬುಧವಾರ. ಮಧ್ಯಾಹ್ನ 2.30

ಈ ಹಂಗಾಮಿನ ಕೊನೆಯ ರಸದ ಸ್ಯಾಂಪಲ್ ಮುಗಿಯಿತು. ನಾಳೆಯಿಂದ ಕಬ್ಬು ನುರಿಸುವುದು ಬಂದ್. ಬಾಟಲಿ ತೊಳೆದಿಟ್ಟೆ. ರಿಜಿಸ್ಟರ್ ತುಂಬಿದೆ. ಕೈಗೆ ಇನ್ನೂ ಕಾಕಂಬಿ ವಾಸನೆ.

ಊಟದ ಹೊತ್ತಿಗೆ ಮೊಬೈಲ್‌ನಲ್ಲಿ ಅಂಕದ ಲೆಕ್ಕ ಹಾಕಿದೆ. ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾ. 65 ಅಂಕ ಆದರೆ ಪಟ್ಟಿಗೆ ಸೇರಬಹುದು. ಹೆಚ್ಚು ಇದ್ದವರನ್ನು ಮೊದಲು ಕರೆಯುತ್ತಾರೆ. ವಯಸ್ಸು 39 — 25 ಅಂಕ. ಬಿಎಸ್ಸಿ — 15. ಲ್ಯಾಬ್‌ನಲ್ಲಿ ಹದಿಮೂರು ವರ್ಷ — 15. ಇಂಗ್ಲಿಷ್ ಪರೀಕ್ಷೆಯಲ್ಲಿ ಎಲ್ಲದರಲ್ಲೂ ಏಳು ಬಂದರೆ — 10. ಕೊನೆಗೆ ಸಂಗಾತಿಯ ಕಾಲಂ. ‘ಮದುವೆಯಾಗಿಲ್ಲ’ ಒತ್ತಿದೆ. 10 ಬಂತು!

ತಪ್ಪು ಒತ್ತಿದೆನೇನೋ ಎಂದು ಮತ್ತೆ ನೋಡಿದೆ. ಇಲ್ಲ. ಅವ್ವನನ್ನು ಕಂಡವರೆಲ್ಲ ಹದಿನೈದು ವರ್ಷದಿಂದ ಕೆದಕುವ ವಿಷಯಕ್ಕೆ ಹತ್ತು ಅಂಕ. ಒಟ್ಟು 75.

ಆ ಫಾರ್ಮ್ ಏನೇನೋ ಕೇಳುತ್ತದೆ. ಅಪ್ಪ ಯಾರ ಹೊಲದಲ್ಲಿ ದುಡಿಯುತ್ತಿದ್ದ ಎಂದು ಕೇಳುವುದಿಲ್ಲ. ಅಲಖನೂರಿನಲ್ಲಿ ಮನೆ ಯಾವ ಓಣಿಯಲ್ಲಿ ಎಂದು ಕೇಳುವುದಿಲ್ಲ. ಇವತ್ತು ಮಲ್ಲೇಶ ಡೆಪ್ಯುಟಿ ಚೀಫ್ ಕೆಮಿಸ್ಟ್ ಆದ. ನನಗಿಂತ ಆರು ವರ್ಷ ಚಿಕ್ಕವನು. ಕೆಲಸ ಕಲಿಸಿದವಳು ನಾನು. ಪೇಢೆ ತಿಂದೆ. ಚಲೋ ಆತು ಅಂದೆ.

ಬರುವ ಜನವರಿ 18ಕ್ಕೆ ನಲವತ್ತು. ಅವತ್ತೇ ವಯಸ್ಸಿನ ಹತ್ತು ಅಂಕ ಹೋಗುತ್ತವೆ. ಅಷ್ಟರೊಳಗೆ ಕರೆ ಬರಬೇಕು.

3 ಏಪ್ರಿಲ್, ಗುರುವಾರ

ಲ್ಯಾಬ್ ಮುಂದೆ ಬೋರ್ಡ್ ಬರೆಯಲು ಪೇಂಟರ್ ಬಂದಿದ್ದಾನೆ. ಅಮೋಲ. ಅಕ್ಕೋಳದವನು, ನಿಪ್ಪಾಣಿಯಲ್ಲಿ ಅಂಗಡಿ. ಡಿಜಿಟಲ್ ಬ್ಯಾನರ್ ಬಂದಮೇಲೆ ಕೆಲಸ ಕಡಿಮೆಯಂತೆ. ಆದರೆ ಆಸಿಡ್ ಹಬೆಗೆ ಬ್ಯಾನರ್ ತಡೆಯುವುದಿಲ್ಲ, ಕಾರ್ಖಾನೆಗೆ ಪೇಂಟೇ ಬೇಕು. ಕನ್ನಡ, ಮರಾಠಿ, ಇಂಗ್ಲಿಷ್ — ಮೂರರಲ್ಲೂ ಬರೆಯುತ್ತಿದ್ದ. DANGER ಎಷ್ಟು ಚೆಂದ ಬರೆದಿದ್ದನೆಂದರೆ, ನಿಂತು ನೋಡಿದೆ.

“ಇಂಗ್ಲಿಷ್ ಚಲೋ ಬರ್ತೈತೇನ್ರಿ ನಿಮಗ?”

“ಅಕ್ಷರ ಬರ್ತಾವ್ರಿ ಮ್ಯಾಡಂ. ಅರ್ಥ ಬರೂದಿಲ್ಲ. ನಮ್ದು ಮರಾಠಿ ಶಾಳಾ.”

ನಕ್ಕುಬಿಟ್ಟೆ. ಅವನೂ ನಕ್ಕ. ಎಷ್ಟೋ ದಿನವಾಗಿತ್ತು, ಕಾರ್ಖಾನೆಯೊಳಗೆ ಹಾಗೆ ನಕ್ಕು.

14 ಏಪ್ರಿಲ್, ಸೋಮವಾರ

ಜಯಂತಿ. ನಮ್ಮ ಓಣಿಯ ಕಮಾನಿನ ಬೋರ್ಡ್ ಅಮೋಲನೇ ಬರೆದ. ನಾನೇ ಹೇಳಿ ಕಳಿಸಿದ್ದೆ. ಮನೆಯಲ್ಲೇ ಊಟ. ಅವ್ವ ಅವನ ಜೊತೆ ಮರಾಠಿಯಲ್ಲಿ ಹರಟಿದ್ದೇ ಹರಟಿದ್ದು. ಅವ್ವನ ತವರೂ ಆ ಕಡೆಯದೇ. ಅವನ ಹೆಂಡತಿ ತೀರಿಕೊಂಡು ಐದು ವರ್ಷವಾಯಿತಂತೆ, ಮಕ್ಕಳಿಲ್ಲ. ಅವ್ವ ಇದನ್ನೆಲ್ಲ ಒಂದು ತಾಸಿನಲ್ಲಿ ತೆಗೆದಳು!

ಅವನು ಹೋದಮೇಲೆ, “ಮನಷ್ಯಾ ಚಲೋ ಅದಾನ,” ಅಂದಳು. ಅಷ್ಟೇ.

25 ಮೇ, ಭಾನುವಾರ

ಇಂಗ್ಲಿಷ್ ರಿಸಲ್ಟ್. ನಾಲ್ಕರಲ್ಲೂ ಏಳರ ಮೇಲೆ. ಪುಣೆಗೆ ಹೋಗಿ ಬರೆದು ಬಂದದ್ದಕ್ಕೂ ಸಾರ್ಥಕ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಎರಡು ತಿಂಗಳು ಒಬ್ಬಳೇ ಗೊಣಗಿದೆ. ಕಂಡಕ್ಟರ್ ನನಗೆ ಹುಚ್ಚು ಅಂದುಕೊಂಡಿರಬೇಕು.

ಅಮೋಲನಿಗೆ ಫೋನ್ ಮಾಡಿ ಹೇಳಿದೆ. ಅವ್ವನಿಗಿಂತ ಮೊದಲು. ಯಾಕೆ?

17 ಜೂನ್, ಮಂಗಳವಾರ. ಸಂಜೆ

ಅನುಭವದ ಪತ್ರ ಬೇಕಿತ್ತು. ಚೀಫ್ ಕೆಮಿಸ್ಟ್ ಧನಪಾಲ ಸಾಹೇಬರ ಕ್ಯಾಬಿನ್. ಕೂರು ಅನ್ನಲಿಲ್ಲ.

“ಸೇರಿದ ದಿನದಿಂದ ನಾ ಕೆಮಿಸ್ಟ್ ಕೆಲಸಾನ ಮಾಡೀನಿ ಸರ್. ಶಿಫ್ಟ್ ರಿಪೋರ್ಟಿನಾಗ ನನ್ನ ಸಹಿ ಐತ್ರಿ.”

“ಸಹಿ ಇರಬಹುದು. ಆರ್ಡರ್‌ದಾಗ 2018ರ ಮಟ ಲ್ಯಾಬ್ ಅಸಿಸ್ಟೆಂಟ್ ಅಂತ ಐತಿ. ಆರ್ಡರ್ ಬಿಟ್ಟು ನಾ ಹ್ಯಾಂಗ ಬರೀಲಿ?”

“ಆ ಆರ್ಡರ್ ಬರದವ್ರು ನೀವ ಅಲ್ರಿ ಸರ್?”

ಪೆನ್ನಿನ ಟೋಪಿ ಹಾಕಿದರು, ತೆಗೆದರು. “ಆವಾಗಿಂದು ಬ್ಯಾರೆ ಮಾತು, ಕಾಂಚನ.”

ಆರು ವರ್ಷ. ಅದೇ ಬಿಎಸ್ಸಿ ಇದ್ದವರು ನನ್ನ ಜೊತೆಗೆ ಸೇರಿ ಮೊದಲ ದಿನವೇ ಕೆಮಿಸ್ಟ್ ಆಗಿದ್ದರು. ಆಗ ಕೇಳಬೇಕಿತ್ತು. ಆಗ ಕೆಲಸ ಸಿಕ್ಕಿದ್ದೇ ದೊಡ್ಡದು ಅನ್ನಿಸಿತ್ತು.

21 ಆಗಸ್ಟ್, ಗುರುವಾರ

ಡಿಗ್ರಿ, ಅನುಭವ ಪರಿಶೀಲನೆಗೆ ಆಸ್ಟ್ರೇಲಿಯಾಕ್ಕೆ ಕಳಿಸಿದ್ದಕ್ಕೆ ಉತ್ತರ ಬಂತು. ಡಿಗ್ರಿ ಒಪ್ಪಿದ್ದಾರೆ. ಅನುಭವ 2018ರಿಂದ ಮಾತ್ರ. ಹದಿನೈದಲ್ಲ, ಹತ್ತು.

ಒಟ್ಟು 70. ಇನ್ನೂ ಪಟ್ಟಿಗೆ ಸೇರಬಹುದು. ಅಳಬಾರದು.

24 ಆಗಸ್ಟ್, ಭಾನುವಾರ

ಚಿಕ್ಕೋಡಿ ಬಸ್ ಸ್ಟ್ಯಾಂಡ್. ಇಬ್ಬರೂ ಚಹಾ ಕುಡಿದೆವು. ಅಮೋಲ ಕಪ್ಪಿನೊಳಗೆ ನೋಡುತ್ತಲೇ ಹೇಳಿದ.

“ನಂದು ಹಿಂದ ಮುಂದ ಮಾಡೂ ಸ್ವಭಾವ ಅಲ್ರಿ. ನಿಮಗ ಮನಸ್ಸಿದ್ರ, ನಾ ನಿಮ್ಮ ಅವ್ವಾರನ್ನ ಕೇಳ್ತೀನಿ.”

ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಒಂದು ವಾರ ಕೊಡ್ರಿ ಅಂದೆ.

ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಚಹಾದ ದುಡ್ಡು ಕೊಡುವುದನ್ನೇ ಮರೆತು ಬಸ್ ಹತ್ತಿದೆ.

25 ಆಗಸ್ಟ್, ಸೋಮವಾರ. ಬೆಳಿಗ್ಗೆ 6

ಲೆಕ್ಕ ಹಾಕಿದೆ. ಹಾಕಬಾರದಿತ್ತು. ಹಾಕಿದೆ.

ಮದುವೆಯಾದರೆ ಒಂಟಿಯ ಹತ್ತು ಹೋಗುತ್ತದೆ. 60. ಪಟ್ಟಿಯಿಂದಲೇ ಹೊರಗೆ. ಗಂಡ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಐದು ಕೊಡುತ್ತಾರೆ. 65. ಹೊಸ್ತಿಲು. ಅದು ಆಗುವ ಮಾತಲ್ಲ. ವೀಸಾ ಬರುವ ತನಕ ಕಾಯಿರಿ ಅನ್ನೋಣವೆಂದರೆ ಅದಕ್ಕೆ ಎಷ್ಟು ವರ್ಷವೋ.

ಧನಪಾಲ ಸಾಹೇಬರು ಆ ಆರು ವರ್ಷ ಬರೆದುಕೊಟ್ಟಿದ್ದರೆ 75 ಇರುತ್ತಿತ್ತು. ಅಮೋಲನ ಜೊತೆಗೂ 65. ಹೂಂ ಅಂದುಬಿಡಬಹುದಿತ್ತು. ಇದನ್ನು ಯಾರ ಹತ್ತಿರ ಹೇಳಲಿ…

31 ಆಗಸ್ಟ್, ಭಾನುವಾರ

ಹೇಳಿದೆ. ಅದೇ ಬಸ್ ಸ್ಟ್ಯಾಂಡ್. ಅಂಕದ ವಿಷಯ ಪೂರ್ತಿ ಬಿಡಿಸಿ ಹೇಳಿದೆ. ತಿಳಿಯುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಎಲ್ಲ ತಿಳಿಯಿತು.

“ನಾ ಕಲೀತೀನಲ್ರಿ. ಅಕ್ಷರ ಹೆಂಗೂ ಬರ್ತಾವು.”

“ಜನವರಿ ಒಳಗ ಆಗೂದಿಲ್ರಿ.”

“ಅವ್ರು ಕರೀಲಿಲ್ಲಾಂದ್ರ?”

“ಕರೀತಾರ.”

ಎಷ್ಟು ಬಿರುಸಾಗಿ ಅಂದೆ! ಆಮೇಲೆ, “ಹಂಗಾದ್ರ ನಾ ಅಡ್ಡ ಬರೂದಿಲ್ರಿ,” ಅಂದ. ನನ್ನ ಬಸ್ ಬರುವ ತನಕ ನಿಂತಿದ್ದ. ಸೀಟು ಹಿಡಿದುಕೊಟ್ಟು ಇಳಿದ.

ಅವ್ವನಿಗೆ ಹೇಳಿಲ್ಲ. ಅವನು ಕೇಳಿದ್ದನ್ನೂ, ನಾನು ಅಂದದ್ದನ್ನೂ.

9 ಸೆಪ್ಟೆಂಬರ್, ಮಂಗಳವಾರ

ಅರ್ಜಿ ಪಟ್ಟಿಗೆ ಹೋಯಿತು. 70. ಅಲ್ಲಿನ ರಾಜ್ಯದವರು ಶಿಫಾರಸು ಮಾಡಿದರೆ ಇನ್ನೂ ಅಂಕ ಸಿಗುತ್ತವಂತೆ. ಬರೆದು ಕೇಳಿದೆ. ಈಗಾಗಲೇ ಅಲ್ಲಿ ಇರುವವರಿಗೆ ಮೊದಲು ಎಂದರು.

ಅಮೋಲನ ಫೋನಿಲ್ಲ. ನಾನೂ ಮಾಡಿಲ್ಲ.

14 ನವೆಂಬರ್, ಶುಕ್ರವಾರ

ಒಂದು ಸುತ್ತು ಕರೆದರು. ನನ್ನ ತನಕ ಬರಲಿಲ್ಲ. ಕಬ್ಬಿನ ಗಾಡಿ ಶುರುವಾಗಿದೆ. ಪ್ರತಿ ತಾಸಿಗೆ ಸ್ಯಾಂಪಲ್, ಪ್ರತಿ ತಾಸಿಗೆ ಇಮೇಲ್ ನೋಡುವುದು.

ನಿಪ್ಪಾಣಿ ಕಡೆಯ ಬಸ್ ಕಂಡರೆ ತಲೆ ಬೇರೆ ಕಡೆ ತಿರುಗಿಸುತ್ತೇನೆ.

2 ಡಿಸೆಂಬರ್

ಇಲ್ಲ.

18 ಜನವರಿ 2026, ಭಾನುವಾರ

ನಲವತ್ತು.

ಬೆಳಿಗ್ಗೆ ಅರ್ಜಿ ತೆರೆದು ನೋಡಿದೆ. ತಾನಾಗಿಯೇ ಲೆಕ್ಕ ಬದಲಿಸಿಕೊಂಡಿದೆ. ವಯಸ್ಸು 15. ಒಟ್ಟು 60. ಒಂಟಿಯ ಹತ್ತು ಮಾತ್ರ ಹಾಗೇ ಇದೆ. ಯಾವ ಕೆಲಸಕ್ಕೆ?

ಅವ್ವ ಖೀರು ಮಾಡಿದ್ದಳು. ತಿಂದೆ. ಚೆನ್ನಾಗಿತ್ತು. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ದಿನಾ ಬುದ್ಧನ ಮುಂದೆ ದೀಪ ಹಚ್ಚಿ ನನ್ನ ಆಸ್ಟ್ರೇಲಿಯಾದ ಕಾಗದ ಬರಲಿ ಅನ್ನುತ್ತಾಳೆ.

31 ಜನವರಿ, ಶನಿವಾರ. ಮಧ್ಯಾಹ್ನ

ರಜೆ ಹಾಕಿ ನಿಪ್ಪಾಣಿಗೆ ಹೋದೆ. ಹೊಸ ಸೀರೆ ಉಟ್ಟಿದ್ದೆ. ಬರೆದಿಡುತ್ತೇನೆ, ನಾಚಿಕೆಯಾದರೂ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ತಪ್ಪಾತ್ರಿ ಅಂತ ಶುರು ಮಾಡೋಣ. ಇಲ್ಲ, ಚಹಾ ಕುಡಿಯೋಣ್ರಿ ಅಂತ.

ಅಂಗಡಿಯಲ್ಲಿ ಒಬ್ಬ ಹೆಂಗಸು ಡಬ್ಬಿಯ ಪೇಂಟ್ ಕದಡುತ್ತಿದ್ದಳು. ಹಸಿರು ಬಳೆ. ಅಮೋಲ ಒಳಗಿನಿಂದ ಬಂದ. ಒಂದು ಗಳಿಗೆ ನಿಂತ.

“ಬರ್ರಿ ಮ್ಯಾಡಂ, ಬರ್ರಿ. ಈಕಿ ಮನೀಷಾ. ಡಿಸೆಂಬರ್‌ದಾಗ ಆತ್ರಿ ನಮ್ದು. ಕಾಗವಾಡದವ್ರು. ನಿಮಗ ಹೇಳ್ಬೇಕಂತ ಭಾಳ ಸಲ ಫೋನ್ ಹಿಡಿದ್ನಿರಿ…”

“ಚಲೋ ಆತ್ರಿ,” ಅಂದೆ.

ಮನೀಷಾ ಕುರ್ಚಿ ಒರೆಸಿ ಕೊಟ್ಟಳು. ನೀರು ತಂದಳು. ಒಳ್ಳೆಯವಳು. ಅದೇ ಕಷ್ಟ.

ಅಮೋಲ ಕೇಳಿದ: “ನಿಮ್ಮ ಕಾಗದ ಬಂತೇನ್ರಿ?”

ಇಲ್ಲ ಅನ್ನಬೇಕಿತ್ತು. ಒಂದೇ ಶಬ್ದ. ಅವನ ಮುಖದಲ್ಲಿ ಎಂಥ ಕಾಳಜಿ ಇತ್ತೆಂದರೆ, ಇಲ್ಲ ಅಂದಿದ್ದರೆ ಆ ಕಾಳಜಿ ಕನಿಕರವಾಗುತ್ತಿತ್ತು. ಅದನ್ನು ನೋಡುವ ತಾಕತ್ತು ನನಗಿರಲಿಲ್ಲ.

“ಬಂತ್ರಿ,” ಅಂದೆ.

ಅವನ ಹೆಗಲು ಇಳಿದದ್ದು ಕಂಡಿತು. ಐದು ತಿಂಗಳು ಹೊತ್ತದ್ದನ್ನು ಕೆಳಗಿಟ್ಟಂತೆ. “ನನಗ ಗೊತ್ತಿತ್ರಿ. ನೀವು ಕರೀತಾರ ಅಂದಾಗನ ಗೊತ್ತಾಗಿತ್ತು.” ಮನೀಷಾ ಕೈ ಮುಗಿದಳು.

ಬಸ್ಸಿನಲ್ಲಿ ಕಿಟಕಿ ಕಡೆ ಕೂತೆ. ಚಿಕ್ಕೋಡಿ ಬಂದದ್ದೂ ಗೊತ್ತಾಗಲಿಲ್ಲ.

2 ಫೆಬ್ರುವರಿ, ಸೋಮವಾರ

ಶಿಫ್ಟಿಗೆ ಹೋದೆ. ಎರಡು ಸಲ ರಸದ ಬ್ರಿಕ್ಸ್ ಅಳತೆ ತಪ್ಪು ಬರೆದೆ. ಹದಿಮೂರು ವರ್ಷದಲ್ಲಿ ಹಾಗಾಗಿರಲಿಲ್ಲ. ಮಲ್ಲೇಶ ಸುಮ್ಮನೆ ತಿದ್ದಿದ. ಬೈದಿದ್ದರೆ ವಾಸಿ ಇತ್ತು.

3 ಫೆಬ್ರುವರಿ, ಮಂಗಳವಾರ. ಬೆಳಿಗ್ಗೆ 7.10

ಹಿತ್ತಲಲ್ಲಿದ್ದೆ. ಒಳಗೆ ಬಂದರೆ ಮನೆ ತುಂಬ ಓಣಿಯ ಹೆಂಗಸರು. ಅವ್ವ ಸಕ್ಕರೆ ಹಂಚುತ್ತಿದ್ದಳು. ಮುಂಜಾನೆ ಅಮೋಲನ ಫೋನ್ ಬಂದಿತ್ತಂತೆ, ಅಭಿನಂದನೆ ಹೇಳಲು.

“ನನಗ ಯಾಕ ಹೇಳ್ಲಿಲ್ಲ ಬೇ? ಪರರ ಬಾಯಿಲೆ ಕೇಳೂಹಂಗ ಆತಲ್ಲ!” ಅಂದಳು. ಸಿಟ್ಟಿರಲಿಲ್ಲ. ಕಣ್ಣು ಒದ್ದೆ.

ಸುಂದ್ರವ್ವ ಕಾಕು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ನುಂಗಿದೆ.

ಎಲ್ಲರೂ ಹೋದರು. ಅವ್ವ ಬಾಗಿಲು ಮುಂದೆ ಮಾಡಿ ಬಂದು ಹತ್ತಿರ ಕೂತಳು.

“ಅವ ಎಲ್ಲಾ ಹೇಳಿದ. ಕೇಳಿದ್ನಂತ, ನೀ ಬ್ಯಾಡ ಅಂದೆಂತ. ಅವನೂ ಹೋದ, ಕಾಗದಾನೂ ಬರ್ಲಿಲ್ಲ ಅಂದಿದ್ರ ನನ್ನ ಜೀವಾನ ನಿಲ್ತಿರ್ಲಿಲ್ಲ ನೋಡ ಯವ್ವಾ. ಈಗ ಸಮಾಧಾನ ಆತು. ಸುಮ್ನ ಬ್ಯಾಡ ಅಂದಾಕಿ ಅಲ್ಲ ನನ್ನ ಮಗಳು.”

ನನ್ನ ಕೈ ಹಿಡಿದುಕೊಂಡಳು. “ಯಾವಾಗ ಹೋಗೂದು?”

ಚಹಾ ತರ್ತೀನಿ ಅಂತ ಎದ್ದು ಬಂದೆ. ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಚಹಾ ಉಕ್ಕಿ ಒಲೆ ಆರಿತು. ಈಗ ಹೇಳದಿದ್ದರೆ ಎಂದೂ ಆಗುವುದಿಲ್ಲ. ಮೊದಲು ಬರೆದುಕೊಂಡು ನೋಡುತ್ತೇನೆ, ಆಮೇಲೆ ಹೋಗಿ ಹಾಗೇ ಹೇಳಿಬಿಡುತ್ತೇನೆ.

ಅವ್ವಾ, ಕಾಗದ…