ಮುಟ್ಟಬಾರದ ಶೀಶೆ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಪುಡಿ! ನನ್ನ ತಾಮ್ರದ ಕಾಂಪ್ಲೆಕ್ಸ್ ಶೀಶೆಯ ತಳದಲ್ಲಿ ಹಸಿರು ಬೂದಿಯಂತೆ ಕೂತಿದೆ. ಹರಳು ಬೇಕು, ಒಂದೇ ಒಂದು... ಸಾಸಿವೆ ಕಾಳಿನಷ್ಟಾದರೂ ಸಾಕು. ಹರಳಿಲ್ಲದೆ ಎಕ್ಸ್-ರೇ ಇಲ್ಲ. ಎಕ್ಸ್-ರೇ ಇಲ್ಲದೆ ಒಳಗಿನ ರಚನೆಯನ್ನು ಯಾರು ನಂಬುತ್ತಾರೆ?

ಗೈಡ್ ಖಡಾಖಂಡಿತವಾಗಿ ಹೇಳಿಬಿಟ್ಟರು: "ತಿಂಗಳ ಕೊನೆವರೆಗೂ ನೋಡ್ತೀನಿ. ಆಗ್ಲಿಲ್ವಾ, ತಾಮ್ರ ಬಿಡು, ಸತು ಹಿಡಿ." ಅಂದರೆ ಮೂರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬಿಡ್ತೀನಾ ನಾನು?

ಮಾರ್ಚ್ 7

ರೂಮ್‌ಮೇಟ್ ಬ್ಯಾಕ್ಟೀರಿಯಾ ಸಾಕುವವಳು. ನಾನಿಟ್ಟ ಹೆಸರು ಕ್ರಿಮಿರಾಣಿ. ಅವಳ ಲ್ಯಾಬಿನಿಂದ ಫೋನು: "ಓಡಿ ಬಾರೇ!"

ಕ್ರಿಮಿ ಬೆಳೆಸಿದ ಪ್ಲೇಟ್ ನೋಡಿ ಕುಣಿದುಬಿಟ್ಟೆ. ನನ್ನ ಕಾಂಪ್ಲೆಕ್ಸ್ ಹಾಕಿದ ಕಡೆ ಸುತ್ತಲೂ ದುಂಡಗೆ ಖಾಲಿ, ಒಂದು ಕ್ರಿಮಿಯೂ ಇಲ್ಲ. ಪಕ್ಕದಲ್ಲಿ ಬರೀ ತಾಮ್ರದ ಲವಣ, ತಾಮ್ರವನ್ನು ಹಿಡಿದುಕೊಳ್ಳುವ ಅಣು ಬರೀ ಲಿಗ್ಯಾಂಡ್ — ಅಲ್ಲಿ ಕ್ರಿಮಿಗಳು ಹಾಯಾಗಿವೆ. ಎರಡೂ ಕೂಡಿದರೆ ಮಾತ್ರ ಕೊಲ್ಲುತ್ತದೆ!

ಪೇಪರಿಗೆ ಹೆಸರು ಯೋಚಿಸತೊಡಗಿದೆ. "ಕೂಸು ಹುಟ್ಟೋ ಮುಂಚೆ ಕುಲಾವಿ," ಅಂದಳು. "ಕೊಂದಿದ್ದು ಸರಿ, ಕೊಂದವನ ಮುಖ ಎಲ್ಲಿ? ಮೊದ್ಲು ಅದು ತೋರ್ಸು."

ಮಾರ್ಚ್ 8

ಸಿಕ್ಕಿಬಿದ್ದೆ. ಹರಳುಗಟ್ಟಲು ಇಟ್ಟ ಹೊಸ ಶೀಶೆಯನ್ನು ಕಿಟಕಿಗೆ ಹಿಡಿದು, ಬಾಗಿಸಿ, ಉಗುರಲ್ಲಿ ತಟ್ಟುತ್ತಿದ್ದುದನ್ನು ಕ್ರಿಮಿರಾಣಿ ನೋಡಿದಳು.

"ದಿನಾ ಹೀಗೇ ಮಾಡ್ತೀಯಾ? ಅಲುಗಾಡಿಸಿದ್ರೆ ಪುಡಿಯಾಗದೆ ಇನ್ನೇನಾಗುತ್ತೆ? ಬೇರು ಬಂತಾ ಅಂತ ದಿನಾ ಸಸಿ ಕಿತ್ತು ನೋಡ್ತಾರೇನೇ?"

ಕಿತ್ತುಕೊಂಡು ಎಲ್ಲೋ ಬೀಗ ಹಾಕಿಟ್ಟಳು. ಕಳ್ಳಿ!

ಮಾರ್ಚ್ 11

ಬೇಡಿದೆ, ಬೈದೆ, ಸಿನಿಮಾ ಟಿಕೆಟ್ ಆಸೆ ತೋರಿಸಿದೆ. ಜಪ್ಪಯ್ಯ ಅಂದರೂ ಬಾಯಿ ಬಿಡುತ್ತಿಲ್ಲ.

ಮಾರ್ಚ್ 26, ಮಧ್ಯಾಹ್ನ

ಹರಳು! ಹರಳು! ಹರಳು! ಕ್ರಿಮಿರಾಣಿಯೇ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಕಡು ಹಸಿರು, ಚೂಪು ಅಂಚು. ಅವಳನ್ನು ತಬ್ಬಿಕೊಂಡೆ. "ಶೀಶೆ! ಶೀಶೆ ಹುಷಾರು!" ಅಂತ ಕಿರುಚಿದಳು.

ಗೈಡ್ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಆದ್ರೆ ಬರೀ ಲವಣಾನೂ ಹೀಗೇ ಹರಳುಗಟ್ಟುತ್ತೆ." ಲವಣವೇ ಆಗಿಬಿಟ್ಟರೆ? ಸೋಮವಾರ ಎಕ್ಸ್-ರೇ.

ಮಾರ್ಚ್ 30, ಸಂಜೆ, ಎಕ್ಸ್-ರೇ ರೂಮಿನ ಮೂಲೆ

ಆಪರೇಟರ್ ತಲೆಯಾಡಿಸಿದರು: "ಈ ಅಳತೆ ಯಾವ ಹಳೇ ಸಂಯುಕ್ತಕ್ಕೂ ಹೊಂದ್ತಿಲ್ಲ." ಲವಣವಲ್ಲ! ಹೊಸದು! ನನ್ನದು!

ಪರದೆಯ ಮೇಲೆ ಪರಮಾಣುಗಳು ಒಂದೊಂದಾಗಿ ಬಂದವು. ನಡುವೆ ಒಂದು ತಾಮ್ರ, ಸುತ್ತ ಲಿಗ್ಯಾಂಡ್ — ಗೈಡೂ ನಾನೂ ಅಂದುಕೊಂಡಿದ್ದು ಅಷ್ಟೇ. ಅಷ್ಟರಲ್ಲಿ ಇನ್ನೊಂದು. ಎರಡು ತಾಮ್ರ! ನಡುವೆ ಆಕ್ಸಿಜನ್ನಿನ ಸೇತುವೆ. ಯಾರೂ ಊಹಿಸಿರಲಿಲ್ಲ.

ಕ್ರಿಮಿರಾಣಿ ಅಳುತ್ತಿದ್ದಾಳೆ, ಪೆದ್ದಿ. ನಾನೂ. ಗೈಡ್ ಕುರ್ಚಿ ಬಿಟ್ಟು ಎದ್ದರು. "ಬಾಮ್ಮ, ಇಲ್ಲಿ ಕೂತ್ಕೋ. ಇದನ್ನ ನೀನು ಹೇಳ್ಬೇಕು, ನಾನು ಕೇಳ್ಬೇಕು."

ಕರೆಯುತ್ತಿದ್ದಾರೆ. ಎಲ್ಲಿಂದ ಶುರು ಮಾಡ—