ಫಕ್ಕೀರಪ್ಪನ ಹೆಬ್ಬೆಟ್ಟು

ಗುರುಗಳೇ,

ಸವಣೂರಿನ ಕಾಲೇಜಿನಲ್ಲಿ ನೀವು ಆ ಹಾಳೆ ಹಂಚಿದ ಮಧ್ಯಾಹ್ನ ನಿಮಗೆ ನೆನಪಿದೆಯೇ? ಮಧ್ಯಯುಗದ ಯುರೋಪಿನ ಯಾವುದೋ ಪಟ್ಟಣ. ಪ್ಲೇಗಿನಿಂದ ಜನ ಸಾಯುತ್ತಿದ್ದಾಗ, ಬಾವಿಗೆ ವಿಷ ಹಾಕಿದ್ದು ನಾನೇ ಎಂದು ಯಹೂದಿಯೊಬ್ಬ ಕೊಟ್ಟ ಹೇಳಿಕೆ. ಕನ್ನಡಕ್ಕೆ ತಂದವರು ನೀವೇ. "ತಾನ ಒಪ್ಕೊಂಡಾನಲ್ರಿ ಸರ್, ಮತ್ತೇನೈತಿ?" ಎಂದಿದ್ದೆ ನಾನು. ನೀವು ನಕ್ಕಿರಿ. "ಬರದಾಂವ ಯಾರು, ಕೇಳಿದಾಂವ ಯಾರು, ಆವಾಗ ಇವನ ಕೈಕಾಲು ಹೆಂಗಿದ್ದೂ? ಇಷ್ಟು ಕೇಳಿ ಆಮ್ಯಾಲೆ ಓದವ್ವಾ."

ಅದೇ ದಿನ ಅಥೆನ್ಸಿನ ಮಾತೂ ಬಂತು. ಅಲ್ಲಿ ಗುಲಾಮನ ಮಾತು ಸಾಕ್ಷಿಯಾಗಬೇಕಾದರೆ ಅವನನ್ನು ಹಿಂಸಿಸಿಯೇ ಬಾಯಿ ಬಿಡಿಸಬೇಕಿತ್ತಂತೆ. ನೋವಿನಲ್ಲಿ ಮನುಷ್ಯ ಸುಳ್ಳು ಹೇಳಲಾರ ಎಂಬ ನಂಬಿಕೆ. ನಾನೂ ಇತಿಹಾಸದ ಮೇಡಮ್ ಆಗಿ ಇಷ್ಟು ವರ್ಷ ಅದನ್ನೇ ಪಾಠ ಮಾಡಿದೆ, ಪರೀಕ್ಷೆಗೆ ಬರುವ ಪ್ರಶ್ನೆ ಎಂದು. ಅದು ನಮ್ಮ ಅಂಗಳಕ್ಕೇ ಬರುತ್ತದೆ ಎಂದು...

ಈ ಮಳೆಗಾಲದ ಮೊದಲ ವಾರ. ದುಂಡಸಿಯ ಕಡೆಯ ನನ್ನ ಗಂಡನ ಊರಿನಲ್ಲಿ ವಾಂತಿಭೇದಿ ಶುರುವಾಯಿತು. ಮನೆಗೊಬ್ಬರು ಮಲಗಿದರು. ಒಬ್ಬ ಮುದುಕಿ, ಒಂದು ಕೂಸು ತೀರಿಕೊಂಡರು. ಟಾಕಿಯಿಂದ ನೀರು ಬಿಡುವ ವಾಟರ್‌ಮನ್ ಫಕ್ಕೀರಪ್ಪ ಕೆಳಗಿನ ಕೇರಿಯವ. ಅವನು ಬಿಳೀ ಪುಡಿಯ ಪೊಟ್ಟಣ ಹಿಡಿದು ಟಾಕಿ ಹತ್ತಿದ್ದನ್ನು ಯಾರೋ ನೋಡಿದ್ದರಂತೆ. ಸಂಜೆಯೊಳಗೆ ಆ ಮಾತು ಊರ ತುಂಬ ಹಬ್ಬಿತ್ತು. ಮರುದಿನ ಯಾರೂ ಅದನ್ನು 'ಅಂತೆ' ಎನ್ನಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಗಂಡನ ಅಣ್ಣ ಶಿವನಗೌಡ ಭಾವ ಕಾಗದ ಹಿಡಿದು ಬಂದರು. "ತಂಗೆವ್ವ, ನೀ ಕಲ್ತಾಕಿ. ಸಾಕ್ಷಿಗೆ ಒಂದು ಸಹಿ ಹಾಕು." ಹಿಟ್ಟಿನ ಕೈ ಒರೆಸಿಕೊಂಡು ಓದಿದೆ. 'ನಾನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟ ಕಬೂಲಿ...' ಟಾಕಿಗೆ ವಿಷ ಹಾಕಿದ್ದು ತಾನೇ ಎಂದಿತ್ತು. ಕೆಳಗೆ ನೀಲಿ ಹೆಬ್ಬೆಟ್ಟು.

"ಫಕ್ಕೀರಪ್ಪಗ ಸಹಿ ಮಾಡಾಕ ಬರ್ತೈತಲ್ರಿ ಭಾವ. ದಿನಾ ಹಾಜರಿ ಪುಸ್ತಕದಾಗ ಮಾಡ್ತಾನ. ಹೆಬ್ಬೆಟ್ಟು ಯಾಕ?"

"ಕೈ ನಡಗತಿತ್ತು."

"ಯಾಕ ನಡಗತಿತ್ತ್ರಿ?"

ಅವರು ಪೆನ್ನು ಮುಂದೆ ಚಾಚಿದರು. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. ಸಹಿ ಹಾಕದೆ ಅವರನ್ನು ದಾಟಿ ಹೊರಗೆ ನಡೆದೆ.

ಹಳೇ ಚಾವಡಿಯಲ್ಲಿ ಫಕ್ಕೀರಪ್ಪನನ್ನು ಕೂರಿಸಿದ್ದರು. ಬಲಗೈಗೆ ಟವೆಲ್ ಸುತ್ತಿತ್ತು; ಬಿಚ್ಚಿದರೆ ಬೆರಳುಗಳು ಬಾತು ಕಪ್ಪಾಗಿದ್ದವು. ಪೊಟ್ಟಣದಲ್ಲಿ ಏನಿತ್ತೆಂದು ಕೇಳಿದೆ. "ಬ್ಲೀಚಿಂಗ್ ಪೌಡರ್ ರೀ ಅಕ್ಕಾರ. ಟಾಕಿಗೆ ಯಾವಾಗ್ಲೂ ನಾನ ಹಾಕ್ತೇನಲ್ರಿ," ಎಂದ. ಸುತ್ತ ನಿಂತವರೆಲ್ಲ ನನಗೆ ಗೊತ್ತಿದ್ದವರೇ, ನನ್ನ ಮದುವೆಯಲ್ಲಿ ಉಂಡವರೇ. ಗುರುಗಳೇ, ನನಗೆ ಅಂಥ ಹೆದರಿಕೆ ಎಂದೂ ಆಗಿರಲಿಲ್ಲ. ಅಲ್ಲೇ ನಿಂತು ಶಿಗ್ಗಾವಿಗೆ ಫೋನು ಮಾಡಿದೆ, ಮೊದಲು ಪೊಲೀಸರಿಗೆ, ಆಮೇಲೆ ಆಂಬ್ಯುಲೆನ್ಸಿಗೆ. "ಮನಿತನದ ಮಾನ ಬೀದಿಗೆ ತಂದಿ," ಎಂದರು ಭಾವ, ಮೆಲ್ಲಗೆ.

ನೀರಿನ ವರದಿ ಬಂದ ದಿನ ಊರು ತಣ್ಣಗಿತ್ತು. ಒಡೆದ ಪೈಪಿಗೆ ಗಟಾರದ ಹೊಲಸು ಸೇರಿತ್ತು, ವಿಷವೇನೂ ಇರಲಿಲ್ಲ. ಯಾರೂ ಫಕ್ಕೀರಪ್ಪನ ಹೆಸರೆತ್ತಲಿಲ್ಲ. ಅಷ್ಟರಲ್ಲಿ ಅವನು ಆಸ್ಪತ್ರೆಯಿಂದಲೇ ಹೆಂಡತಿಯ ತವರಿಗೆ, ಹಿರೇಕೆರೂರಿನ ಕಡೆ ಹೋಗಿಬಿಟ್ಟಿದ್ದ. ಭಾವ ಈಗಲೂ ನನ್ನ ಕೈಯ ಚಹಾ ಮುಟ್ಟುವುದಿಲ್ಲ. ಕಬೂಲಿಯನ್ನು ಪೊಲೀಸರು ಒಯ್ದರು, ಆದರೆ ಅದರ ಫೋಟೋ ಆಗಲೇ ಎಷ್ಟು ಫೋನುಗಳಿಗೆ ಹೋಗಿತ್ತೋ. ವರದಿಯನ್ನು ಯಾರು ಯಾರಿಗೆ ಕಳಿಸುತ್ತಾರೆ, ಹೇಳಿ?

ನಿಮಗೆ ಬರೆಯಬೇಕೆನಿಸಿದ್ದು ಇವತ್ತು ಬೆಳಿಗ್ಗೆ ಬಂದ ಫೋನಿನಿಂದ. ಹಾನಗಲ್ಲಿನ ಕಡೆಯ ಒಂದು ಹಳ್ಳಿ. ಅಲ್ಲಿಯೂ ನಿನ್ನೆಯಿಂದ ವಾಂತಿಭೇದಿಯಂತೆ. ಗುರುತಿಲ್ಲದ ಗಂಡಸಿನ ದನಿ, ಬಹಳ ಮರ್ಯಾದೆಯಿಂದ ಮಾತಾಡಿದರು. "ಮೇಡಮ್ಮಾರ, ನಿಮ್ಮೂರಾಗ ವಾಟರ್‌ಮನ್ ಕಡಿಂದ ಒಂದು ಕಬೂಲಿ ಬರಿಸ್ಕೊಂಡಿದ್ರಂತಲ್ರಿ. ಫೋಟೋದಾಗ ಅಕ್ಷರ ಸರಿ ಕಾಣವಲ್ವು. ಅದರ ಒಕ್ಕಣಿ ಸ್ವಲ್ಪ ಹೇಳ್ತೀರೇನ್ರಿ?"

ಅಲ್ಲಿ ನೀರು ಬಿಡುವವಳು ಹೆಣ್ಣುಮಗಳಂತೆ. ಅವಳ ಹೆಸರು ಕೇಳುವಷ್ಟರಲ್ಲಿ ಫೋನು ಇಟ್ಟರು. ನಾನು ಹಾನಗಲ್ ಬಸ್ಸಿಗೆ ಹೊರಟಿದ್ದೇನೆ.