ಹಾಸಿಗೆ ಕೆಳಗಿನ ನಾತ

ಭಾವ,

ಕ್ಷೇಮ ಸಮಾಚಾರ ಕೇಳೋ ಮನಸ್ಸಿಲ್ಲ, ನೇರ ವಿಷಯಕ್ಕೇ ಬರ್ತೀನಿ. ಲೈಟು ಮಂಕಾಗ್ತಿದೆ ನೋಡು ಅಂತ ಅಕ್ಕನ ಜೊತೆ ಕಳಿಸಿದ್ರಲ್ಲ, ನೀವಿಬ್ಬರೂ ಅದರಲ್ಲೇ ಉಂಡು ಮಲಗಿ ಊರೂರು ಸುತ್ತೋ ಆ ಕ್ಯಾಂಪರ್ ವ್ಯಾನಿನ ವೈರಿಂಗ್ ಪೂರ್ತಿ ನೋಡಿದೆ. ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಕ್ ಕೆಲಸ ಮಾಡ್ತಿದ್ದೀನಿ, ಇಂಥ ಹೇಸಿಗೆ ಕಂಡಿರಲಿಲ್ಲ.

ಇನ್ವರ್ಟರ್ ಮೇಲೆ ನಿಮ್ಮ ಒದ್ದೆ ಟವೆಲ್ ಇತ್ತು. ಅದು ಹಾಳಾಗಿ ಹೋಗ್ಲಿ. ಬ್ಯಾಟರಿಯನ್ನ ಗಾಳಿಯಾಡದ ಹಾಗೆ ಹಾಸಿಗೆ ಕೆಳಗೆ ಇಟ್ಟಿದ್ದೀರಿ, ಅದೂ ಅಕ್ಕ ತಲೆ ಇಡೋ ಕಡೆ. ಚಾರ್ಜರನ್ನ ಬೇರೆ ಥರದ ಬ್ಯಾಟರಿಗೆ ಸೆಟ್ ಮಾಡಿದ್ದೀರಿ. ವ್ಯಾನ್ ನಿಲ್ಲಿಸಿ ಹೊರಗಿನ ಕರೆಂಟಿಗೆ ಪ್ಲಗ್ ಹಾಕಿದಾಗೆಲ್ಲ ಬ್ಯಾಟರಿ ಕುದ್ದು, ಕೊಳೆತ ಮೊಟ್ಟೆಯ ನಾತ ಬಿಟ್ಟಿದೆ. ಆ ಗ್ಯಾಸು ಸಿಡಿಯೋಕೆ ಒಂದು ಕಿಡಿ ಸಾಕಿತ್ತು.

ಆ ನಾತಕ್ಕೆ ನೀವೇನಂದ್ರಿ ಅಂತ ಅಕ್ಕ ತಾನಾಗಿ ಹೇಳಲಿಲ್ಲ, ಕೆದಕಿ ಕೆದಕಿ ಕೇಳಿದ್ಮೇಲೆ ಬಾಯಿಬಿಟ್ಟಳು. "ಸರಿಯಾಗಿ ಸ್ನಾನ ಮಾಡೇ, ನಾರ್ತೀಯ" ಅಂದ್ರಂತೆ, ಪಕ್ಕದ ವ್ಯಾನಿನವರ ಎದುರಿಗೇ. ಎರಡು ತಿಂಗಳು ದಿನಾ ಅಂದ್ರಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಹೆಂಡತಿಯನ್ನೇ ಡೊಂಕು ಮಾಡಿದ್ರಿ.

ಬ್ಯಾಟರಿ ಕಳಚಿ ನನ್ನ ಅಂಗಡಿ ಹಿಂದೆ ಇಟ್ಟಿದ್ದೀನಿ. ಅಕ್ಕನ ಬಟ್ಟೆಬರೆ ಇಳಿಸಿಕೊಂಡಿದ್ದೀನಿ. ವ್ಯಾನನ್ನ ಯಾರನ್ನಾದ್ರೂ ಕಳಿಸಿ ಎಳೆಸಿಕೊಂಡು ಹೋಗಿ. ನೀವು ಮಾತ್ರ ಬರಬೇಡಿ.

ನಾತ ಬ್ಯಾಟರೀದು ಅಂತ ಅಕ್ಕನಿಗೆ ಮೂಸಿಸಿ ತೋರಿಸಿದೆ. ಹೂಂ ಅಂದಳು. ಆದ್ರೂ ಬೆಳಿಗ್ಗೆಯಿಂದ ಇದು ಮೂರನೇ ಸಲ ಸ್ನಾನಕ್ಕೆ ಹೋಗಿದ್ದಾಳೆ. ಇದನ್ನ ಬರೀತಿರುವಾಗಲೂ ಬಚ್ಚಲಲ್ಲಿ ನೀರು ಸುರಿಯೋ ಸದ್ದು ನಿಂತಿಲ್ಲ.

ಇಂತಿ,
ನಿಮ್ಮ ನಾದಿನಿ